ಸೇಡಂ ರಸ್ತೆ, ಹಳೆ ಸ್ವಿಫ್ಟ್ ಮತ್ತು ಸಸ್ಪೆನ್ಶನ್ ಬದಲಿಸಿದ ಕಥೆ

ಕಲಬುರಗಿಯಿಂದ ಸೇಡಂ ಕಡೆಗೆ ಕಾರಿನಲ್ಲಿ ಓಡಾಡುವವರಿಗೆ ನನ್ನ ತಕರಾರು ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಡಾಂಬರು ನೋಡಲು ಚೆನ್ನಾಗಿದೆ ಅನಿಸುವ ಕಡೆಯೂ 80ರ ವೇಗ ದಾಟಿದರೆ ಕಾರು ಏರಿಳಿಯಲು ಶುರು ಮಾಡುತ್ತದೆ. ಕೆಳಗಿರುವುದು ಎರೆಮಣ್ಣು. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಬಿರಿಯುತ್ತದೆ. ಮೇಲಿನ ರಸ್ತೆಯೂ ಅದರ ಜೊತೆಗೇ ಏಳುತ್ತದೆ, ಕೂರುತ್ತದೆ. ಸಾಲದ್ದಕ್ಕೆ ಮಳಖೇಡ, ಸೇಡಂ ಕಾರ್ಖಾನೆಗಳ ಸಿಮೆಂಟ್ ಲಾರಿಗಳು ಹಗಲೂ ರಾತ್ರಿ ಓಡುತ್ತವೆ. ಲಾರಿ ಚಕ್ರ ಹೋದ ಜಾಗ ತಗ್ಗು, ನಡುವೆ ದಿನ್ನೆ.

ನನ್ನದು 2014ರ ಡೀಸೆಲ್ ಸ್ವಿಫ್ಟ್. ಲಕ್ಷ ಕಿಲೋಮೀಟರ್ ದಾಟಿ ಸಾಕಷ್ಟು ಕಾಲವಾಗಿದೆ. ಕೆಲಸಕ್ಕೆ ಇದೇ ರಸ್ತೆ. ಒಂದು ಏರಿಳಿತ ದಾಟಿದ ಮೇಲೂ ಕಾರು ಇನ್ನೆರಡು ಸಲ ತೂಗಾಡುತ್ತಿತ್ತು. ಲಾರಿ ಹಿಂದಿಕ್ಕುವಾಗ ಸ್ಟೀರಿಂಗ್ ತಿರುಗಿಸಿದರೆ ಒಂದು ಗಳಿಗೆ ತಡವಾಗಿ ಮೂತಿ ತಿರುಗುತ್ತಿತ್ತು. ಬ್ರೇಕ್ ಒತ್ತಿದರೆ ಎಡಕ್ಕೆ ಎಳೆಯುತ್ತಿತ್ತು. ಎದುರಿನಿಂದ ಲಾರಿ ಬರುವಾಗ ಹೀಗಾದರೆ ಕೈ ಬೆವರುತ್ತದೆ ಅಲ್ವಾ?

ಸಸ್ಪೆನ್ಶನ್ (ಚಕ್ರಕ್ಕೂ ಕಾರಿನ ಮೈಗೂ ನಡುವಿನ ಸ್ಪ್ರಿಂಗ್, ಶಾಕಪ್ ಮತ್ತು ಅವುಗಳ ಜೋಡಣೆ) ಮಾಡಿಫೈ ಮಾಡಿಸಿದರೆ ಹ್ಯಾಂಡ್ಲಿಂಗ್, ಅಂದರೆ ಕಾರು ನಮ್ಮ ಮಾತು ಕೇಳುವ ರೀತಿ, ಸುಧಾರಿಸುತ್ತದೆಯೇ ಅಂತ ಗೆಳೆಯರು ಈಗ ಕೇಳುತ್ತಾರೆ. ಸುಧಾರಿಸುತ್ತದೆ, ಆದರೆ ಜನ ಯಾವುದಕ್ಕೆ ಜಾಸ್ತಿ ದುಡ್ಡು ಕೊಡುತ್ತಾರೋ ಅದರಿಂದ ಅಲ್ಲ. ಇದನ್ನು ಧೈರ್ಯವಾಗಿ ಹೇಳಲು ಕಾರಣವಿದೆ. ನಾನು ಎಲ್ಲವನ್ನೂ ಒಟ್ಟಿಗೆ ಬದಲಿಸಲಿಲ್ಲ. ಒಂದು ಹಂತ ಮುಗಿಸಿ, ಅದೇ ರಸ್ತೆಯಲ್ಲಿ, ಅಷ್ಟೇ ಜನ ಕೂತು, ಟೈರಿನಲ್ಲಿ ಅಷ್ಟೇ ಗಾಳಿ ಇಟ್ಟು ಓಡಿಸಿ ನೋಡಿ, ಆಮೇಲೆ ಮುಂದಿನದಕ್ಕೆ ಕೈ ಹಾಕಿದೆ. ಸಮಯ ಹಿಡಿಯಿತು, ಲೇಬರ್ ಚಾರ್ಜೂ ಹೆಚ್ಚಾಯಿತು. ಆದರೆ ಯಾವುದರಿಂದ ಏನಾಯಿತು ಅಂತ ಗೊತ್ತಾಯಿತು.

ಮೊದಲು ಟೈರು. ಕಾರು ನೆಲವನ್ನು ಮುಟ್ಟುವುದು ಅಲ್ಲಿ ಮಾತ್ರ. ಟೈರು ಗಟ್ಟಿಯಾಗಿದ್ದರೆ ಯಾವ ಸ್ಪ್ರಿಂಗೂ ಹಿಡಿತ ತಂದುಕೊಡುವುದಿಲ್ಲ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂತಿದ್ದರೆ 2019ರ 23ನೇ ವಾರ ತಯಾರಾದದ್ದು. ನನ್ನವು ಇನ್ನೂ ಹೊಸವು, ಹಾಗಾಗಿ ಮುಟ್ಟಲಿಲ್ಲ. ಗಾಳಿಯನ್ನು ಮಾತ್ರ ಬಾಗಿಲ ಕಂಬದ ಸ್ಟಿಕರಿನಲ್ಲಿ ಇದ್ದಷ್ಟು ಹಾಕಿಸಿದೆ, ಅದೂ ಬೆಳಿಗ್ಗೆ ಟೈರು ತಣ್ಣಗಿರುವಾಗ. ನಮ್ಮ ಬಿಸಿಲಿನಲ್ಲಿ ಹತ್ತಾರು ಕಿಲೋಮೀಟರ್ ಓಡಿಸಿ ಬಂದು ಪಂಪಿನಲ್ಲಿ ಅಳೆದರೆ ಲೆಕ್ಕ ತಪ್ಪುತ್ತದೆ.

ಆಮೇಲೆ ಗ್ಯಾರೇಜ್ ಸುತ್ತಾಟ. ಒಂದು ದೊಡ್ಡ ವರ್ಕ್‌ಶಾಪಿನಲ್ಲಿ ಕಾರನ್ನು ಲಿಫ್ಟಿಗೂ ಏರಿಸದೆ ಎಸ್ಟಿಮೇಟ್ ಕೊಟ್ಟರು. ನಾಲ್ಕೂ ಶಾಕಪ್, ಲೋವರ್ ಆರ್ಮ್ (ಚಕ್ರವನ್ನು ಕೆಳಗಿನಿಂದ ಕಾರಿನ ಮೈಗೆ ಜೋಡಿಸುವ ತೋಳು), ಸ್ಟೀರಿಂಗ್ ರ್‍ಯಾಕ್, ಎಲ್ಲ ಸೇರಿ 38 ಸಾವಿರ. ಯಾವುದು ಯಾಕೆ ಹೋಗಿದೆ ಅಂತ ಕೇಳಿದರೆ, "ಗಾಡಿ ಹಳೇದು ಸರ್" ಅನ್ನುವುದೇ ಉತ್ತರ. ಇನ್ನೊಂದು ಅಂಗಡಿ ಅಲಾಯ್ ವೀಲ್, ಸ್ಟಿಕರ್, ಹಾರ್ನ್ ಮಾರುವಂಥದ್ದು. ಅಲ್ಲಿಯ ಹುಡುಗ, "ಲೋವರಿಂಗ್ ಸ್ಪ್ರಿಂಗ್ ಹಾಕ್ರಿ ಅಣ್ಣ, ರೈಲಿನಂಗ ಓಡ್ತದ" ಅಂದ. ಕಾರನ್ನು ನೆಲಕ್ಕೆ ಹತ್ತಿರ ಇಳಿಸುವ ಸ್ಪ್ರಿಂಗ್ ಅದು. ಮತ್ತೊಬ್ಬರು ಸ್ಪ್ರಿಂಗಿನ ಸುರುಳಿಗಳ ನಡುವೆ ರಬ್ಬರ್ ಬಫರ್ ಕೂರಿಸಿ ಕೊಡುತ್ತೇನೆ, ಎರಡು ಸಾವಿರದಲ್ಲಿ ಮುಗಿಯುತ್ತದೆ ಅಂದರು. ಆ ಬಫರ್ ಕೂತ ಕಡೆ ಸುರುಳಿ ಕೆಲಸ ಮಾಡುವುದನ್ನೇ ನಿಲ್ಲಿಸುತ್ತದೆ. ಕಾರು ಸ್ವಲ್ಪ ಮೇಲೇಳುತ್ತದೆ, ಸ್ಪ್ರಿಂಗ್ ಗಡುಸಾಗುತ್ತದೆ. ಆದರೆ ಸವೆದ ಶಾಕಪ್ ಸವೆದಂತೆಯೇ ಇರುತ್ತದೆ. ಗಡುಸು ಸ್ಪ್ರಿಂಗನ್ನು ಹಿಡಿದು ನಿಲ್ಲಿಸುವುದು ಅದಕ್ಕೆ ಇನ್ನೂ ಕಷ್ಟ.

ಕಡೆಗೆ ಗಾಡಿ ಒಪ್ಪಿಸಿದ್ದು ರಿಂಗ್ ರೋಡ್ ಪಕ್ಕದ ಒಂದು ಸಣ್ಣ ಶೆಡ್ಡಿನ ಚಾಚಾಗೆ. ಅವರು ಮಾತಾಡಲಿಲ್ಲ. ಕಾರು ಎತ್ತಿ, ಉದ್ದದ ಸಲಾಕೆ ತೂರಿಸಿ ಲೋವರ್ ಆರ್ಮನ್ನು ಮೀಟಿದರು. ಅದರ ಕೀಲಿನಲ್ಲಿರುವ ಬುಷ್ಷಿನ ರಬ್ಬರು ಬಾಯಿ ಬಿಟ್ಟಿತು. "ನೋಡ್ರಿ ಸಾಹೇಬ್ರ, ಹರದು ಹೋಗ್ಯದ. ಬ್ರೇಕ್ ಹೊಡದ್ರ ಎಡಕ್ಕ ಎಳಿಲತ್ತದ ಅಂದ್ರಲ್ಲ, ಇದೇ ಅದು. ಶಾಕಪ್ಪಿಂದು ಆಮ್ಯಾಲ ನೋಡೋಣು." ಕಾರು ವಾಲುವುದನ್ನು ತಡೆಯುವ ಕಂಬಿಗೆ ಜೋಡಿಸುವ ಲಿಂಕ್ ರಾಡ್ ಎರಡೂ ಸಡಿಲ. ಸ್ಟ್ರಟ್ (ಮುಂದಿನ ಸ್ಪ್ರಿಂಗ್ ಮತ್ತು ಶಾಕಪ್ ಸೇರಿದ ಜೋಡಣೆ) ಮೇಲಿನ ಮೌಂಟಿನ ರಬ್ಬರು ಕುಸಿದಿತ್ತು. ಸ್ಟೀರಿಂಗ್ ರ್‍ಯಾಕಿಗೆ ಏನೂ ಆಗಿರಲಿಲ್ಲ. ಇಷ್ಟರಿಂದಲೇ ಆ 38 ಸಾವಿರದ ಎಸ್ಟಿಮೇಟಿನ ಬೆಲೆ ಗೊತ್ತಾಯಿತು. ನಿಮ್ಮ ಮೆಕ್ಯಾನಿಕ್ ಸವೆದ ಭಾಗವನ್ನು ಕೈಯಿಂದ ಅಲ್ಲಾಡಿಸಿ ತೋರಿಸಬೇಕು. ತೋರಿಸದಿದ್ದರೆ ಬದಲಿಸಬೇಡಿ.

ಮೊದಲ ಹಂತದಲ್ಲಿ ಮಾಡಿಸಿದ್ದು ಇಷ್ಟೇ. ಲೋವರ್ ಆರ್ಮ್ ಎರಡೂ ಬದಿ, ಲಿಂಕ್ ರಾಡ್, ಮೌಂಟ್, ಬೇರಿಂಗ್. ಸ್ಪ್ರಿಂಗ್ ಶಾಕಪ್ ಹಳೆಯವೇ. ಇಲ್ಲಿ ಒಂದು ವಿಷಯವನ್ನು ಒತ್ತಿ ಹೇಳಬೇಕು, ಯಾಕಂದರೆ ತುಂಬ ಕಡೆ ಇದನ್ನು ಬಿಟ್ಟುಬಿಡುತ್ತಾರೆ. ಲೋವರ್ ಆರ್ಮಿನ ಬೋಲ್ಟನ್ನು ಕಾರು ಮೇಲೆ ತೂಗುತ್ತಿರುವಾಗಲೇ ಪೂರ್ತಿ ಬಿಗಿ ಮಾಡಬಾರದು. ಬುಷ್ಷಿನ ರಬ್ಬರು ಲೋಹಕ್ಕೆ ಅಂಟಿಕೊಂಡಿರುತ್ತದೆ. ಚಕ್ರ ಜೋತುಬಿದ್ದ ಸ್ಥಿತಿಯಲ್ಲಿ ಬಿಗಿ ಮಾಡಿದರೆ, ಕಾರು ನೆಲಕ್ಕೆ ಇಳಿದ ಮೇಲೆ ರಬ್ಬರು ಸದಾ ತಿರುಚಿಕೊಂಡೇ ಇರುತ್ತದೆ. ಬೇಗ ಹರಿಯುತ್ತದೆ. ಹೊಸ ಬುಷ್ ಆರು ತಿಂಗಳಿಗೇ ಹೋಯಿತು ಅಂತ ಗೊಣಗುವವರಲ್ಲಿ ಎಷ್ಟು ಜನರದ್ದು ಇದೇ ಕಥೆಯೋ. ಚಾಚಾ ಕಾರಿನ ಭಾರ ಚಕ್ರದ ಮೇಲೆ ಬಿಟ್ಟು, ಕೆಳಗೆ ನುಸುಳಿ ಕೊನೆಯ ಬಿಗಿ ಕೊಟ್ಟರು. ನಾನು ಕೇಳುವ ಮೊದಲೇ. ಆಗಲೇ ನನಗೆ ಅವರ ಮೇಲೆ ನಂಬಿಕೆ ಬಂದದ್ದು.

ಬಳಿಕ ನಾಲ್ಕೂ ಚಕ್ರದ ಕೋನ ಹೊಂದಿಸುವ ಅಲೈನ್‌ಮೆಂಟ್. ಅದು ಬೇರೆ ಅಂಗಡಿ. ಮೊದಲ ಸಲ ಹೋದಾಗ ಕರೆಂಟ್ ಇರಲಿಲ್ಲ, ಇನ್ನೊಂದು ಸಲ ಮಷೀನಿನ ಕ್ಯಾಮೆರಾ ಕೆಟ್ಟಿತ್ತು. ಪ್ರಿಂಟ್ ಕೊಡಿ ಅಂದರೆ "ಎಲ್ಲಾ ಗ್ರೀನ್ ಬಂದದ ಅಣ್ಣ, ಪ್ರಿಂಟ್ ಯಾಕ" ಅನ್ನುತ್ತಾರೆ. ಬಿಡಬೇಡಿ, ಹಿಂದಿನದು ಮತ್ತು ಈಗಿನದು ಎರಡೂ ಇರುವ ಹಾಳೆ ಕೇಳಿ ತನ್ನಿ. ಮುಂದೆ ಏನು ಬದಲಿಸಿದರೂ ಹೋಲಿಸಿ ನೋಡಲು ಅದೊಂದೇ ದಾಖಲೆ. ಇಂಥ ಕಾರುಗಳಲ್ಲಿ ಮುಂದಿನ ಟೋ (ಮೇಲಿನಿಂದ ನೋಡಿದರೆ ಚಕ್ರ ಒಳಗೆ ಅಥವಾ ಹೊರಗೆ ತಿರುಗಿದ ಕೋನ) ಒಂದನ್ನು ಸುಲಭವಾಗಿ ಸರಿಮಾಡಬಹುದು. ಕ್ಯಾಂಬರ್, ಅಂದರೆ ಮುಂದಿನಿಂದ ನೋಡಿದರೆ ಚಕ್ರ ವಾಲಿದ ಕೋನ, ತಿದ್ದಲು ಬೋಲ್ಟಿನ ಜಾಗದಲ್ಲಿ ಸಿಗುವ ಚೂರು ಸಡಿಲವೇ ಗತಿ.

ಆ ಸಂಜೆ ಸೇಡಂ ರಸ್ತೆಗೆ ಇಳಿದಾಗ ಖುಷಿಯಾಯಿತು. ಬ್ರೇಕ್ ಹೊಡೆದರೆ ನೇರ ನಿಲ್ಲುತ್ತಿತ್ತು. ಸ್ಟೀರಿಂಗ್ ತಿರುಗಿಸಿದ ಕೂಡಲೇ ಮೂತಿ ತಿರುಗುತ್ತಿತ್ತು. ಇಲ್ಲಿವರೆಗೆ ಖರ್ಚು 10,700 ರೂಪಾಯಿ. ಲೋವರ್ ಆರ್ಮ್ 4,200, ಲಿಂಕ್ ರಾಡ್ 1,300, ಮೌಂಟ್ ಮತ್ತು ಬೇರಿಂಗ್ 2,400, ಲೇಬರ್ 2,200, ಅಲೈನ್‌ಮೆಂಟ್ 600. ಮಾಡಿಫಿಕೇಶನ್ ಅಂತ ಕರೆಯುವ ಯಾವುದೂ ಇದರಲ್ಲಿ ಇಲ್ಲ. ಆದರೂ ನನ್ನ ತಕರಾರಿನ ದೊಡ್ಡ ಪಾಲು ಇಲ್ಲಿಯೇ ತೀರಿತು. ತೂಗಾಟ ಮಾತ್ರ ಉಳಿಯಿತು.

ತೂಗಾಟ ಶಾಕಪ್ಪಿನ ವಿಷಯ. ಕಾರಿನ ಭಾರ ಹೊರುವುದು ಸ್ಪ್ರಿಂಗ್. ಒತ್ತಿದ ಸ್ಪ್ರಿಂಗ್ ಮತ್ತೆ ಮತ್ತೆ ಕುಣಿಯದಂತೆ ತಡೆಯುವುದು ಶಾಕಪ್, ಅಂದರೆ ಡ್ಯಾಂಪರ್. ಒಳಗಿನ ಎಣ್ಣೆ ಸಣ್ಣ ರಂಧ್ರಗಳಲ್ಲಿ ನುಗ್ಗುವಾಗ ಆ ಕುಣಿತದ ಶಕ್ತಿ ಬಿಸಿಯಾಗಿ ಹೊರಗೆ ಹೋಗುತ್ತದೆ. ಡ್ಯಾಂಪರ್ ಸವೆದಿದ್ದರೆ ಚಕ್ರ ನೆಲ ಬಿಟ್ಟು ಬಿಟ್ಟು ಮುಟ್ಟುತ್ತದೆ. ಮುಟ್ಟದ ಗಳಿಗೆಯಲ್ಲಿ ಬ್ರೇಕೂ ಇಲ್ಲ, ಸ್ಟೀರಿಂಗೂ ಇಲ್ಲ. ಬಾನೆಟ್ ಒತ್ತಿ ಬಿಟ್ಟು ಎಷ್ಟು ಸಲ ಕುಣಿಯುತ್ತದೆ ಅಂತ ನೋಡುವ ಪರೀಕ್ಷೆ ಪೂರ್ತಿ ಸತ್ತ ಶಾಕಪ್ಪನ್ನು ಹಿಡಿಯುತ್ತದೆ, ಅರ್ಧ ಸತ್ತದ್ದನ್ನು ಹಿಡಿಯುವುದಿಲ್ಲ. ನನ್ನ ಕಾರು ಆ ಪರೀಕ್ಷೆಯಲ್ಲಿ ಪಾಸು. ಆದರೆ ಹಿಂದಿನ ಎಡ ಶಾಕಪ್ಪಿನ ಮೈ ಎಣ್ಣೆಯಲ್ಲಿ ನೆಂದಿತ್ತು. ಟೈರಿನ ಮೇಲ್ಮೈಯಲ್ಲಿ ಕೈ ಆಡಿಸಿದರೆ ಅಲ್ಲಲ್ಲಿ ತಗ್ಗು ಸಿಗುತ್ತಿತ್ತು. ಅದು ಚಕ್ರ ಕುಣಿದ ಗುರುತು.

ಇಲ್ಲಿ ಮೂರು ದಾರಿ ಇದ್ದವು. ಕಂಪನಿಯದೇ ಮಾದರಿಯ ಸೆಟ್, ಹತ್ತು ಸಾವಿರದ ಆಸುಪಾಸು. ಹಳೆಯ ಸ್ಪ್ರಿಂಗಿಗೇ ಹೊಂದುವ, ಸ್ವಲ್ಪ ಗಡುಸಾದ ಗ್ಯಾಸ್ ತುಂಬಿದ ಡ್ಯಾಂಪರ್, 27,500. ಎತ್ತರ ತಿರುಗಿಸಿ ಹೊಂದಿಸುವ ಕಾಯ್ಲೋವರ್, ಐವತ್ತು ಸಾವಿರದ ಮೇಲೆ. ಮೂರನೆಯದನ್ನು ನಾನು ಪಟ್ಟಿಯಿಂದಲೇ ತೆಗೆದೆ. ಎರಡನೆಯದನ್ನು ಆರಿಸಲು ಕಾರಣ ಗ್ಯಾಸ್. ಏರಿಳಿತದ ರಸ್ತೆಯಲ್ಲಿ ಗಂಟೆಗಟ್ಟಲೆ ಓಡಿದಾಗ ಸಾದಾ ಡ್ಯಾಂಪರಿನ ಎಣ್ಣೆ ಬಿಸಿಯಾಗಿ ತೆಳ್ಳಗಾಗುತ್ತದೆ, ಗಾಳಿ ಬೆರೆತು ನೊರೆಯೂ ಏಳುತ್ತದೆ. ಗ್ಯಾಸಿನ ಒತ್ತಡ ಇದ್ದರೆ ನೊರೆ ಕಡಿಮೆ. 42 ಡಿಗ್ರಿ ಬಿಸಿಲಿನ ಊರಿನಲ್ಲಿ ಇದು ಸಣ್ಣ ಮಾತಲ್ಲ.

ಆರ್ಡರ್ ಮಾಡಿದೆ. ಕಾದೆ. ಪಾರ್ಸೆಲ್ ಹೈದರಾಬಾದಿಗೆ ಬಂದು ಅಲ್ಲಿಯೇ ಕೂತಿತು. ಫೋನ್ ಮಾಡಿ ಮಾಡಿ ಸಾಕಾದ ಮೇಲೆ ಮನೆಗೆ ಬಂತು. ಬಿಚ್ಚಿ ನೋಡಿದರೆ ಮುಂದಿನ ಎರಡೂ ಸ್ಟ್ರಟ್ ಪೆಟ್ರೋಲ್ ಸ್ವಿಫ್ಟಿನವು! ಡೀಸೆಲ್ ಎಂಜಿನ್ ಭಾರ ಜಾಸ್ತಿ. ಮುಂದಿನ ಸ್ಪ್ರಿಂಗೂ ಬೇರೆ, ಡ್ಯಾಂಪರಿನ ಪಾರ್ಟ್ ನಂಬರೂ ಬೇರೆ. ನೋಡಲು ಒಂದೇ ಥರ, ಕೂರುವುದೂ ಕೂರಬಹುದು. "ಹಾಕಿಸಿಕೊಳ್ಳಿ ಸರ್, ಏನೂ ಆಗಲ್ಲ" ಅಂತ ಮಾರಿದವರು ಫೋನಿನಲ್ಲಿ ಸಮಾಧಾನ ಹೇಳಿದರು. ದುಡ್ಡು ನನ್ನದು, ಮೂಗು ಭಾರದ ಕಾರು ನನ್ನದು, ಏನೂ ಆಗಲ್ಲ ಅನ್ನುವುದು ಅವರು! ವಾಪಸ್ ಕಳಿಸಿದೆ. ಪಾರ್ಸೆಲ್ ಬಿಚ್ಚುವಾಗ ವಿಡಿಯೊ ತೆಗೆದಿದ್ದೆ, ಪಾರ್ಟ್ ನಂಬರ್ ಅದರಲ್ಲಿ ಸ್ಪಷ್ಟವಾಗಿತ್ತು. ಅದಿಲ್ಲದಿದ್ದರೆ ವಾದ ಗೆಲ್ಲುವುದು ಕಷ್ಟವಿತ್ತು. ಆರ್ಡರ್ ಮಾಡುವ ಮೊದಲು ಆರ್‌ಸಿಯಲ್ಲಿರುವ ಚಾಸಿ ನಂಬರ್ ಕಳಿಸಿ, ಅದಕ್ಕೆ ಹೊಂದುವ ಪಾರ್ಟ್ ನಂಬರನ್ನು ಬರಹದಲ್ಲಿ ತರಿಸಿಕೊಳ್ಳಿ.

ಸರಿಯಾದವು ಬಂದ ಮೇಲೆ ಜೋಡಿಸಲು ಅರ್ಧ ದಿನ ಸಾಕಾಯಿತು. ಮುಂದಿನ ಸ್ಟ್ರಟ್ ಬಿಚ್ಚುವಾಗ ಒಂದು ಎಚ್ಚರಿಕೆ. ಸ್ಪ್ರಿಂಗ್ ಒತ್ತಿಹಿಡಿಯುವ ಕಂಪ್ರೆಸರ್ ಸಲಕರಣೆ ಇಲ್ಲದೆ ಮೇಲಿನ ನಟ್ ಬಿಚ್ಚಲು ಯಾರಿಗೂ ಬಿಡಬೇಡಿ. ಒತ್ತಿದ ಸ್ಪ್ರಿಂಗ್ ಚಿಮ್ಮಿದರೆ ಮುಖ ಉಳಿಯುವುದಿಲ್ಲ. ಸರಪಳಿ ಸುತ್ತಿ ಬಿಚ್ಚುವವರನ್ನೂ ಕಣ್ಣಾರೆ ನೋಡಿದ್ದೇನೆ. ಹಾಗೆಯೇ ಡ್ಯಾಂಪರ್ ಯಾವಾಗಲೂ ಜೋಡಿಯಾಗಿ ಬದಲಿಸಬೇಕು, ಒಂದೇ ಬದಿಯದು ಬೇಡ. ಒಳಗಿನ ಬಂಪ್ ಸ್ಟಾಪ್ (ಸಸ್ಪೆನ್ಶನ್ ಪೂರ್ತಿ ಒತ್ತಿದಾಗ ಬಡಿತ ತಡೆಯುವ ತುಂಡು) ಮತ್ತು ಧೂಳಿನ ರಬ್ಬರೂ ಹೊಸವೇ ಇರಲಿ. ನನ್ನ ಹಳೆ ಬಂಪ್ ಸ್ಟಾಪ್ ಮುಟ್ಟಿದರೆ ಪುಡಿಯಾಗಿ ಉದುರಿತು. ಈ ಹಂತಕ್ಕೆ 33,200 ಆಯಿತು. ಡ್ಯಾಂಪರ್ ಬಿಟ್ಟರೆ ಬಂಪ್ ಸ್ಟಾಪ್ ವಗೈರೆ 2,100, ಲೇಬರ್ 3,000, ಮತ್ತೆ ಅಲೈನ್‌ಮೆಂಟ್ 600.

ಫಲ ಮೊದಲ ಏರಿಳಿತದಲ್ಲೇ ಗೊತ್ತಾಯಿತು. ಕಾರು ಒಂದು ಸಲ ಏಳುತ್ತದೆ, ಒಂದು ಸಲ ಕೂರುತ್ತದೆ, ಮುಗಿಯಿತು. ಲಾರಿ ಹಿಂದಿಕ್ಕಿ ಎಡಕ್ಕೆ ಬರುವಾಗ ಹಿಂಬದಿ ತಡವರಿಸುವುದಿಲ್ಲ. ಚಿಂಚೋಳಿ ಕಾಡಿನ ತಿರುವುಗಳಿಗೂ ಒಯ್ದು ನೋಡಿದೆ. ತಿರುವಿನ ನಡುವೆ ತಗ್ಗು ಸಿಕ್ಕರೂ ಹಿಡಿದ ದಾರಿ ಬಿಡುವುದಿಲ್ಲ. ಆದರೆ ಊರೊಳಗೆ 20-30ರ ವೇಗದಲ್ಲಿ ಸಣ್ಣ ಸಣ್ಣ ಗುಂಡಿಗಳು ಈಗ ಜಾಸ್ತಿ ಗೊತ್ತಾಗುತ್ತವೆ. ಅವ್ವ ಹಿಂದಿನ ಸೀಟಿನಲ್ಲಿ ಕೂತು ಸೂಪರ್ ಮಾರ್ಕೆಟ್‌ವರೆಗೆ ಬಂದು, "ಇದಕ್ಕ ರೊಕ್ಕ ಕೊಟ್ಟು ಗಟ್ಟಿ ಮಾಡಿಸ್ಯೆಪ್ಪಾ?" ಅಂದಳು. ಮನೆಯಲ್ಲಿ ಬೆನ್ನು ನೋವಿನ ಹಿರಿಯರಿದ್ದರೆ ಮೊದಲ ದಾರಿಯ ಹತ್ತು ಸಾವಿರದ ಸೆಟ್ಟೇ ಸಾಕು.

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಇದೇ ಮಾದರಿಯ ಡೀಸೆಲ್ ಕಾರನ್ನು ಮಾರಿದ ಗೆಳೆಯನೊಬ್ಬನ ಹತ್ತಿರ 30 ಮಿಲಿಮೀಟರ್ ಇಳಿಸುವ ಸ್ಪ್ರಿಂಗ್ ಸೆಟ್ ಸುಮ್ನೆ ಬಿದ್ದಿತ್ತು. ಎಲ್ಲರೂ ಹೊಗಳುವುದು ಇದನ್ನೇ. ಹಾಕಿ ನೋಡಿಯೇ ಬಿಡೋಣ ಅಂದುಕೊಂಡೆ.

ನುಣುಪಾದ ರಿಂಗ್ ರೋಡಿನ ತುಂಡಿನಲ್ಲಿ ಕಾರು ನಿಜಕ್ಕೂ ಚುರುಕಾಯಿತು. ವಾಲುವುದು ಕಡಿಮೆ. ನೋಡಲೂ ಚಂದ, ಸುಳ್ಳು ಹೇಳುವುದಿಲ್ಲ. ಸೇಡಂ ರಸ್ತೆಯಲ್ಲಿ, ನಾಲ್ಕು ಜನ ಕೂತಾಗ, ಅದೇ ಕಾರು ಬೇರೆಯಾಯಿತು. ಏರಿಳಿತದ ತಳದಲ್ಲಿ ಮುಂದಿನ ಎರಡೂ ಬದಿ ಬಂಪ್ ಸ್ಟಾಪಿಗೆ ಬಡಿಯುತ್ತಿದ್ದವು. ಬಂಪ್ ಸ್ಟಾಪ್ ಮುಟ್ಟಿದ ಗಳಿಗೆಗೆ ಸಸ್ಪೆನ್ಶನ್ ಕಲ್ಲಿನಷ್ಟು ಗಡುಸಾಗುತ್ತದೆ. ತಿರುವಿನ ನಡುವೆ ಹಾಗಾದರೆ ಮುಂದಿನ ಟೈರು ಜಾರಿ, ಕಾರು ಹೊರಗೆ ಹೋಗಲು ನೋಡುತ್ತದೆ. ಹಳ್ಳಿಗಳ ಹಂಪ್ಸ್ ಇನ್ನೊಂದು ತಲೆನೋವು. ಈ ಕಾರಿನ ಗ್ರೌಂಡ್ ಕ್ಲಿಯರೆನ್ಸ್ 170 ಮಿಲಿಮೀಟರ್. ಅದರಲ್ಲಿ 30 ಹೋದರೆ ಉಳಿಯುವುದು 140. ನಮ್ಮಲ್ಲಿ ಅಳತೆ ಇಲ್ಲದೆ ಕಟ್ಟಿದ ಹಂಪ್ಸ್ ಹೊಟ್ಟೆಯನ್ನು ಉಜ್ಜಿಯೇ ಕಳಿಸುತ್ತವೆ.

ಯಾಕೆ ಹೀಗೆ ಅಂತ ಕೂತು ಲೆಕ್ಕ ಹಾಕಿದೆ. ತಿರುವಿನಲ್ಲಿ ಒಳಗಿನ ಚಕ್ರದಿಂದ ಹೊರಗಿನ ಚಕ್ರಕ್ಕೆ ಎಷ್ಟು ಭಾರ ಸರಿಯುತ್ತದೆ ಅನ್ನುವುದು ಮುಖ್ಯವಾಗಿ ಕಾರಿನ ತೂಕ, ಆ ತೂಕದ ಕೇಂದ್ರ ಎಷ್ಟು ಎತ್ತರದಲ್ಲಿದೆ, ಎಡ ಬಲ ಚಕ್ರಗಳ ನಡುವೆ ಎಷ್ಟು ಅಂತರ ಇದೆ ಅನ್ನುವುದರ ಮೇಲೆ ನಿಂತಿದೆ. ಸ್ಪ್ರಿಂಗ್ ಎಷ್ಟೇ ಗಡುಸು ಮಾಡಿದರೂ ಒಟ್ಟು ಸರಿಯುವ ಭಾರ ಹೆಚ್ಚು ಕಡಿಮೆ ಅಷ್ಟೇ. ಸ್ಪ್ರಿಂಗ್ ಬದಲಿಸುವುದು ವಾಲುವ ಪ್ರಮಾಣವನ್ನು, ಮತ್ತು ಆ ಭಾರವನ್ನು ಮುಂದಿನ ಹಿಂದಿನ ಚಕ್ರಗಳು ಹಂಚಿಕೊಳ್ಳುವ ರೀತಿಯನ್ನು. ಇಂಥ ಕಾರುಗಳ ತೂಕದ ಕೇಂದ್ರ ಅರ್ಧ ಮೀಟರಿಗಿಂತ ಸ್ವಲ್ಪ ಮೇಲಿರುತ್ತದೆ. 30 ಮಿಲಿಮೀಟರ್ ಇಳಿಸಿದರೆ ಸಿಗುವ ಲಾಭ ಶೇಕಡಾ 5ರ ಆಸುಪಾಸು. ಅದಕ್ಕೆ ಕೊಡುವ ಬೆಲೆ ಚಕ್ರ ಮೇಲೆ ಚಲಿಸಲು ಇದ್ದ ಜಾಗ.

ಇನ್ನೂ ಒಂದಿದೆ. ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ ಇರುವ ನನ್ನದರಂಥ ಕಾರನ್ನು ಇಳಿಸಿದರೆ ಲೋವರ್ ಆರ್ಮಿನ ಕೋನ ಬದಲಾಗುತ್ತದೆ. ಕಾರು ಯಾವ ಬಿಂದುವಿನ ಸುತ್ತ ವಾಲುತ್ತದೋ ಆ ಬಿಂದು ಕಾರಿಗಿಂತಲೂ ಜಾಸ್ತಿ ಕೆಳಗೆ ಹೋಗುತ್ತದೆ. ಅಂದರೆ ಆ ಬಿಂದುವಿನಿಂದ ತೂಕದ ಕೇಂದ್ರಕ್ಕೆ ಇರುವ ಅಂತರ, ಕಾರನ್ನು ವಾಲಿಸುವ ಸನ್ನೆಯ ಉದ್ದ, ಕಡಿಮೆಯಾಗುವ ಬದಲು ಹೆಚ್ಚಾಗುತ್ತದೆ. ಕಾರು ಕಡಿಮೆ ವಾಲಿದ್ದು ಸ್ಪ್ರಿಂಗ್ ಗಡುಸಾಗಿದ್ದರಿಂದ, ಇಳಿದದ್ದರಿಂದ ಅಲ್ಲ. ಅಲೈನ್‌ಮೆಂಟ್ ಹಾಳೆಯೂ ಅದನ್ನೇ ಬೇರೆ ರೀತಿ ಹೇಳಿತು. ಟೋ ಪೂರ್ತಿ ಕೆಟ್ಟಿತ್ತು, ಕ್ಯಾಂಬರ್ ಒಳಗೆ ವಾಲಿತ್ತು. ಹಾಗೇ ಓಡಿಸಿದ್ದರೆ ಮುಂದಿನ ಟೈರುಗಳ ಒಳ ಅಂಚು ಬೇಗ ಸವೆಯುತ್ತಿತ್ತು, ಅದೂ ಬಗ್ಗಿ ನೋಡದೆ ಕಾಣದ ಜಾಗದಲ್ಲಿ.

ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ, ಕಂಪನಿ ಕೊಟ್ಟ ಮೂಲ ವಿವರಕ್ಕೂ ಆರ್‌ಸಿಗೂ ವ್ಯತ್ಯಾಸ ಬರುವಂತೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಂ ಪ್ರಕಾರ, ಅನುಮತಿ ಇಲ್ಲದ ಬದಲಾವಣೆಗೆ ಮಾಲೀಕನಿಗೆ ಒಂದೊಂದಕ್ಕೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಆರ್‌ಟಿಒ ಕೆಲಸ ಮಾಡಿಸಿಕೊಡುವ ಪರಿಚಯದವರನ್ನು ಕೇಳಿದೆ. "ಅದೇ ಅಳತಿದು ಶಾಕಪ್ ಹಾಕಿದ್ರ ರಿಪೇರಿ ಅಂತಾರ್ರಿ. ಎತ್ತರ ಬದಲಾದ್ರ ಆಗ ಕೇಳ್ತಾರ" ಅಂದರು. ಇನ್ಶೂರೆನ್ಸಿನವರಿಗೆ ಡ್ಯಾಂಪರಿನ ಬಿಲ್ ಜೋಡಿಸಿ ಮೇಲ್ ಹಾಕಿದೆ. ನೆನಪಿಸಿ ನೆನಪಿಸಿ ಉತ್ತರ ತರಿಸಬೇಕಾಯಿತು, ಆದರೆ ಬಂತು. ಅದನ್ನು ಪಾಲಿಸಿಯ ಜೊತೆಗೇ ಇಟ್ಟಿದ್ದೇನೆ. ನಾಳೆ ಅಪಘಾತವಾದರೆ ಸರ್ವೇಯರ್ ಚಕ್ರದ ಹಿಂದೆ ಬಗ್ಗಿ ನೋಡುತ್ತಾನೆ, ಆಗ ತೋರಿಸಲು ಕಾಗದ ಬೇಕು.

ಸ್ಪ್ರಿಂಗ್ ತೆಗೆಸಿದೆ. ಹಾಕಿ ತೆಗೆಯುವ ಲೇಬರ್ 5,000, ಎರಡು ಅಲೈನ್‌ಮೆಂಟಿಗೆ 1,200. ಇಡೀ ಕಥೆಗೆ ಖರ್ಚಾದದ್ದು 50,100 ರೂಪಾಯಿ. ಮೊದಲ 10,700ಕ್ಕೆ ಸಿಕ್ಕ ಸುಧಾರಣೆ ಆಮೇಲಿನ ಯಾವ ದುಡ್ಡಿಗೂ ಸಿಗಲಿಲ್ಲ. ಡ್ಯಾಂಪರಿನ ಖರ್ಚಿನ ಬಗ್ಗೆಯೂ ನನಗೆ ಬೇಜಾರಿಲ್ಲ. ಹಗಲೂ ರಾತ್ರಿ ನುಣುಪಾದ ಹೆದ್ದಾರಿಯಲ್ಲಿ ಒಬ್ಬರೇ ಓಡಾಡುವವರಿಗೆ ಲೋವರಿಂಗ್ ಸ್ಪ್ರಿಂಗ್ ಹಿಡಿಸಬಹುದೇನೋ. ನಾಲ್ಕು ಜನ, ತೊಗರಿ ಚೀಲ, ಎರೆಮಣ್ಣಿನ ರಸ್ತೆ ಇರುವವರಿಗೆ ಅಲ್ಲ.

ಹೊಸ ಭಾಗಗಳು ಕೂತುಕೊಳ್ಳಲು ಬಿಟ್ಟು, ಐನೂರು ಕಿಲೋಮೀಟರ್ ಆದ ಮೇಲೆ ಅಲೈನ್‌ಮೆಂಟ್ ಮತ್ತೊಮ್ಮೆ ನೋಡಿಸಿ, ಹಳೆಯ ಹಾಳೆ ಜೊತೆಗೆ ಒಯ್ಯಿರಿ. ನನ್ನ ಕಾರಿನ ಹಿಂದಿನ ಎರಡೂ ಚಕ್ರ ಜೋಡಿಸುವ ಬೀಮಿನ ಬುಷ್ ಇನ್ನೂ ಹಳೆಯದೇ ಇದೆ. ಸದ್ಯಕ್ಕೆ ಗಟ್ಟಿಯಾಗಿದೆ ಅಂತ ಚಾಚಾ ಸಲಾಕೆಯಿಂದ ಮೀಟಿಯೇ ತೋರಿಸಿದ್ದಾರೆ. ಮಳೆಗಾಲ ಕಳೆದ ಮೇಲೆ ಇನ್ನೊಮ್ಮೆ ನೋಡಿಸಬೇಕು.